ಕೈಗೆ ಬಹಿಷ್ಕಾರ

ಕೈಯಿಲ್ಲದೆ ಮನುಷ್ಯನ ಯಾವ ಕೆಲಸ ತಾನೇ ಆದೀತು? ಉಣ್ಣುವುದು, ಬರೆಯುವುದು, ಮುಗಿಯುವುದು, ಬಾರಿಸುವುದು ಎಲ್ಲವೂ ಅದರದ್ದೇ. ನಮ್ಮ ಮಾತಿನಲ್ಲೂ ಅದರದ್ದೇ ದರ್ಬಾರು: ಕೈಗುಣ, ಕೈರುಚಿ, ಕೈಚಳಕ. ಕಾಲಿನ ಪಾಲಿಗೆ ಬಂದದ್ದು ಕೆರೆಯುವುದು, ಎಳೆಯುವುದು, ಕೀಳುವುದು. ಕಾಲ್ಗುಣ ಅಂತ ಒಂದಿದೆ ನಿಜ, ಆದರೆ ಅದು ಹೊಗಳುವುದಕ್ಕಿಂತ ಬೈಯುವುದಕ್ಕೇ ಹೆಚ್ಚು ಒದಗುತ್ತದೆ. ಅಂಥದ್ದರಲ್ಲಿ ಕೈಯನ್ನೇ ಹೊರಗಿಟ್ಟು ಕಾಲಿಗೆ ಪಟ್ಟ ಕಟ್ಟಿದ ಆಟವೊಂದು ಲೋಕವನ್ನೆಲ್ಲ ಹುಚ್ಚೆಬ್ಬಿಸಿತಲ್ಲ, ಅದು ನನಗೆ ಇವತ್ತಿಗೂ ಸೋಜಿಗ.

ಎರಡು ಸಾವಿರ ವರ್ಷಗಳ ಹಿಂದೆ, ಹಾನ್ ರಾಜರ ಕಾಲದ ಚೀನಾದಲ್ಲೇ ತ್ಸುಜು ಎಂಬ ಒದೆಯುವ ಆಟವಿತ್ತು. ಚರ್ಮದ ಚೆಂಡು, ಒಳಗೆ ತುರುಕಿದ ಗರಿ. ಆದರೆ ಇಂದಿನ ಫುಟ್‌ಬಾಲಿನ ಜಾತಕ ಬರೆದದ್ದು ಇಂಗ್ಲೆಂಡು. ಅಲ್ಲಿಯ ಹಳೆಯ ಆಟದಲ್ಲಿ ಕೈ ಕಾಲು ಎಂಬ ಭೇದವಿರಲಿಲ್ಲ. ಊರಿಗೆ ಊರೇ ಬೀದಿಗಿಳಿದು ಒಂದು ಚೆಂಡಿಗೆ ಮುಗಿಬೀಳುತ್ತಿತ್ತು. ಗದ್ದಲ ತಾಳದೆ 1314ರಲ್ಲಿ ಲಂಡನ್ನಿನ ಮೇಯರ್ ಆಟವನ್ನು ನಿಷೇಧಿಸಿದ. ಮುಂದೆ ಮೂರನೆಯ ಎಡ್ವರ್ಡನೂ ನಿಷೇಧಿಸಿದ. ಅವನ ಚಿಂತೆ ಬೇರೆ, ಜನ ಬಿಲ್ಲುವಿದ್ಯೆ ಬಿಟ್ಟು ಚೆಂಡಿನ ಹಿಂದೆ ಬಿದ್ದಿದ್ದಾರೆ ಅಂತ. ಬಿಲ್ಲು ಕೈಯ ವಿದ್ಯೆ ತಾನೇ? ದೊರೆ ಕೈಯ ಪಕ್ಷ ವಹಿಸಿದ್ದ ಅನ್ನಿ. 1424ರಲ್ಲಿ ಸ್ಕಾಟ್‌ಲೆಂಡಿನ ಒಂದನೆಯ ಜೇಮ್ಸ್ ಆಡಿದವರಿಗೆ ನಾಲ್ಕು ಪೆನ್ಸ್ ದಂಡ ಹಾಕಿದ. ಎಂಟನೆಯ ಹೆನ್ರಿಯದ್ದು ಇನ್ನೂ ಚೆಂದ: 1526ರಲ್ಲಿ ತನಗೇ ಒಂದು ಜೊತೆ ಫುಟ್‌ಬಾಲ್ ಬೂಟು ಹೊಲಿಸಿಕೊಂಡವನು 1540ರಲ್ಲಿ ಆಟವನ್ನೇ ನಿಷೇಧಿಸಿದ. ಅಷ್ಟು ಹೊತ್ತಿಗೆ ಅವನಿಗೆ ಓಡಲಾಗದಷ್ಟು ಮೈ ಬಂದಿತ್ತು. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತೇವೆ; ಕಾಲಾಗದವನು ಕಾನೂನು ಮಾಡಿದ.

ಒಪ್ಪವಾದ ನಿಯಮ ಬರೆಯಲು ಜನ ಸೇರಿದ್ದು 1863ರ ಅಕ್ಟೋಬರ್ 26ರಂದು, ಲಂಡನ್ನಿನ ಫ್ರೀಮೇಸನ್ಸ್ ಟಾವೆರ್ನ್‌ನಲ್ಲಿ. ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು ಅಲ್ಲೇ. ಆರು ಸಭೆಗಳಾದವು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೇ, ಎದುರಾಳಿಯ ಮೊಣಕಾಲ ಕೆಳಗಿನ ಮೂಳೆಗೆ ಒದೆಯಬಹುದೇ ಎಂಬ ಎರಡೇ ತಕರಾರು. ಒದೆಯುವುದನ್ನು ಬಿಟ್ಟರೆ ಆಟದ ಗಂಡಸುತನವೇ ಹೋಯಿತು ಅಂತ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ವಾದಿಸಿದರು, ವಾದ ನಡೆಯದಾಗ ಎದ್ದು ಹೋದರು. ಕಾಲು ಕೆರೆದು ಜಗಳ ತೆಗೆಯುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ನಾನು ಕಂಡಿಲ್ಲ. ಅದೇ ಕ್ಲಬ್ಬು ಇತರರೊಡನೆ ಸೇರಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ರಗ್ಬಿ ಆಟಕ್ಕೆಂದು 1871ರಲ್ಲಿ ರಗ್ಬಿ ಯೂನಿಯನ್ ಕಟ್ಟಿತಲ್ಲ, ಆ ಒಕ್ಕೂಟವೂ ಮೊಣಕಾಲ ಕೆಳಗೆ ಒದೆಯುವುದನ್ನು ನಿಷೇಧಿಸಿತು!

ಆದರೆ ಕೈಗೆ ಅಂದೇ ಬಾಗಿಲು ಮುಚ್ಚಲಿಲ್ಲ. 1863ರ ನಿಯಮದಲ್ಲಿ ಓಡುವುದಕ್ಕಷ್ಟೇ ತಡೆ. ಗಾಳಿಯಲ್ಲಿ ಬಂದ ಚೆಂಡನ್ನು ಹಿಡಿದರೆ ಬಹುಮಾನವಾಗಿ ಫ್ರೀ ಕಿಕ್, ಅಂದರೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಅವಕಾಶ, ಸಿಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದೂ ಹೋಯಿತು. ಗೋಲ್‌ಕೀಪರ್ ಎಂಬವನು ನಿಯಮದೊಳಗೆ ಕಾಣಿಸಿಕೊಂಡದ್ದು 1871ರಲ್ಲಿ. ಬಹಿಷ್ಕಾರ ಬಿದ್ದ ಮನೆತನದಲ್ಲಿ ಒಬ್ಬನನ್ನು ಮಾತ್ರ ಕಾವಲಿಗೆ ಇಟ್ಟುಕೊಂಡ ಹಾಗೆ. ಅವನೋ ಹಿಗ್ಗಿಹೋದ. ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡು ಮುಟ್ಟುವ ಹಕ್ಕಿದ್ದುದರಿಂದ, ವೇಲ್ಸ್‌ನ ಲೀ ರಿಚ್ಮಂಡ್ ರೂಸ್ ಎಂಬಾತ ಚೆಂಡನ್ನು ನೆಲಕ್ಕೆ ಪುಟಿಸುತ್ತ ನಡುಗೆರೆಯ ತನಕ ಬರುತ್ತಿದ್ದನಂತೆ. 1912ರಲ್ಲಿ ಗೋಲ್‌ಕೀಪರನ ಕೈಯನ್ನೂ ಪೆನಾಲ್ಟಿ ಏರಿಯಾ ಎಂಬ, ಗೋಲಿನ ಮುಂದೆ ಗೆರೆ ಹಾಕಿದ ಜಾಗದೊಳಗೆ ಕಟ್ಟಿಹಾಕಿದರು. ತನ್ನವರೇ ಬೇಕೆಂದು ಒದ್ದು ಕೊಟ್ಟ ಚೆಂಡನ್ನು ಅವನು ಮುಟ್ಟಬಾರದು ಅಂತ 1992ರಲ್ಲಿ ಇನ್ನೊಂದು ಗಂಟು ಬಿತ್ತು.

ಇಷ್ಟಾದರೂ ಕೈ ಸುಮ್ಮನಿರುವ ಜಾತಿಯದ್ದಲ್ಲ. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಎದುರು ಅರ್ಜೆಂಟೀನಾದ ಮರಡೋನಾನ ಎಡಗೈ ಮೇಲೆದ್ದು ಗೋಲು ಹೊಡೆಯಿತು. ಅವನದನ್ನು ದೇವರ ಕೈ ಮೇಲೆ ಹಾಕಿದ. ನಿಯಮ ಬರೆದ ದೇಶವೇ ಎದುರಾಳಿ, ಪಾಪ! 2010ರ ವಿಶ್ವಕಪ್‌ನಲ್ಲಿ ಘಾನಾದ ಚೆಂಡು ಗೆರೆ ದಾಟುವ ಕೊನೆಯ ಗಳಿಗೆಯಲ್ಲಿ ಉರುಗ್ವೆಯ ಸುವಾರೆಜ್ ಎರಡೂ ಕೈಯಿಂದ ತಡೆದ. ಕೆಂಪು ಕಾರ್ಡು ಪಡೆದು ಅಳುತ್ತ ಹೊರನಡೆದವನು, ಘಾನಾದ ಗ್ಯಾನ್ ಒದ್ದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿದದ್ದು ಕಂಡು ಅಲ್ಲೇ ಕುಣಿದ. ಮೋಸವೆಂದು ಬೈಯುವವರ ಗುಂಪಿನಲ್ಲಿ ನಾನೂ ಇದ್ದೇನೆ. ಆದರೆ ಬೀಳುವ ಮಗುವಿಗೆ ಚಾಚುವ ಹಾಗೆ ಆ ಕೈ ತಾನಾಗಿ ಹೋಯಿತೋ ಏನೋ ಎಂಬ ಅನುಮಾನವೂ ಬಿಟ್ಟಿಲ್ಲ.

ಈಗಂತೂ ಕೈ ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೂ ಕಾನೂನಿದೆ: ಕಂಕುಳಿನ ತಳದ ಮಟ್ಟದಿಂದ ಕೆಳಗೆ ಕೈ, ಮೇಲಿನದ್ದು ಭುಜ. ಇದರ ಭಯಕ್ಕೆ ಡಿಫೆಂಡರುಗಳು ಪೆನಾಲ್ಟಿ ಏರಿಯಾದಲ್ಲಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಅಡ್ಡ ಬರುತ್ತಾರೆ, ಮೇಷ್ಟರ ಮುಂದೆ ನಿಂತ ಹುಡುಗರ ಹಾಗೆ. ಅದೆಷ್ಟು ಕಷ್ಟವೋ ನೋಡೋಣವೆಂದು, ಯಾರೂ ಇಲ್ಲದಾಗ ನಾನೂ ಒಮ್ಮೆ ಕೋಣೆಯಲ್ಲಿ ಹಾಗೆ ನಾಲ್ಕು ಹೆಜ್ಜೆ ಓಡಿದೆ. ಐದನೆಯದಕ್ಕೆ ಮುಗ್ಗರಿಸಿದೆ. ನೆಲಕ್ಕೆ ಮೊದಲು ಊರಿದ್ದು ಕೈಯೇ.