ವಿಸ್ತರಿತ ವಾರಂಟಿ ಪೂರ್ತಿ ವ್ಯರ್ಥವಲ್ಲ
ಲ್ಯಾಪ್‌ಟಾಪಿಗೆ ವಿಸ್ತರಿತ ವಾರಂಟಿ (ಮೂಲ ವಾರಂಟಿಯ ಅವಧಿ ಮುಗಿದ ಮೇಲೂ ರಿಪೇರಿಗೆ ರಕ್ಷಣೆ ಕೊಡುವ, ಹೆಚ್ಚುವರಿ ಹಣದ ಯೋಜನೆ) ಕೊಳ್ಳುವುದೆಂದರೆ ಹಣ ಪೋಲು ಮಾಡಿದಂತೆ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಉಡುಪಿಯ ನಮ್ಮ ಮನೆಯ, ಇಂಥ ವಾರಂಟಿಯಿದ್ದ ಲ್ಯಾಪ್‌ಟಾಪ್ ಮೂರನೆಯ ವರ್ಷದ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಚಾಲೂ ಆಗದೆ ಹೋದಾಗ, ಸೇವಾ ಕೇಂದ್ರದವರು ಮದರ್‌ಬೋರ್ಡಿನ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯ) ಮೇಲೆ ತುಕ್ಕಿದೆ, ಆದ್ದರಿಂದ ಇದು ನೀರು ಬಿದ್ದು ಆದ ಹಾನಿ, ವಾರಂಟಿಗೆ ಒಳಪಡುವುದಿಲ್ಲ ಎಂದುಬಿಟ್ಟರು. ಆಟಿ ತಿಂಗಳ (ಆಷಾಢದ ಹೊತ್ತಿನ ತುಳು ತಿಂಗಳು) ಮಳೆಗೆ ಕಪಾಟಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುವ ಕರಾವಳಿಯಲ್ಲಿ, ಒಂದು ತೊಟ್ಟು ನೀರು ಸೋಕದಿದ್ದರೂ ಗಾಳಿಯ ತೇವ ಮತ್ತು ಉಪ್ಪಿನಂಶದಿಂದಲೇ ಲೋಹಕ್ಕೆ ತುಕ್ಕು ಹತ್ತುತ್ತದೆ ಎಂಬುದನ್ನು ಇಲ್ಲಿಯವರಿಗೇ ವಿವರಿಸಬೇಕಾಗಿ ಬಂದದ್ದು ವಿಚಿತ್ರ. ದ್ರವ ತಗುಲಿದರೆ ಕೆಂಪಾಗಬೇಕಾದ ಒಳಗಿನ ಪುಟ್ಟ ಪಟ್ಟಿ ನಮ್ಮದರಲ್ಲಿ ಬಿಳಿಯಾಗಿಯೇ ಇತ್ತು. ನಿರಾಕರಣೆಯ ಕಾರಣವನ್ನು ಛಾಯಾಚಿತ್ರಗಳ ಸಮೇತ ಬರಹದಲ್ಲಿ ಕೊಡಿ ಎಂದು ಇಮೇಲ್ ಕಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ ಮೇಲೆ ಬೋರ್ಡು ಉಚಿತವಾಗಿಯೇ ಬದಲಾಯಿತು.

ಸೇವಾ ಕೇಂದ್ರದವರು ಆಗಲೂ ಒಪ್ಪದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದಿತ್ತು. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವೂ ಇಲ್ಲ.

ಲೇಖಕರ ಒಂದು ಎಚ್ಚರಿಕೆ ಮಾತ್ರ ಸರಿ: ತಯಾರಕರ ವಾರಂಟಿಯೂ ಅಂಗಡಿಯವರು ಬಿಲ್ಲಿನೊಂದಿಗೆ ಸೇರಿಸುವ ಯೋಜನೆಯೂ ಒಂದೇ ಅಲ್ಲ, ಮತ್ತು ಬ್ಯಾಟರಿ ಸಾಮಾನ್ಯವಾಗಿ ಎರಡರಲ್ಲೂ ಪೂರ್ಣಾವಧಿಗೆ ಸೇರಿರುವುದಿಲ್ಲ. ಲ್ಯಾಪ್‌ಟಾಪಿನೊಳಗಿನ ಕಡತಗಳ ಹೊಣೆಯನ್ನಂತೂ ವಾರಂಟಿ ಕೊಡುವವರು ಹೊರುವುದಿಲ್ಲ. ನನ್ನ ಮಗಳ ಪ್ರಾಜೆಕ್ಟ್ ವರದಿ ಉಳಿದದ್ದು ಪೆನ್‌ಡ್ರೈವಿನಲ್ಲಿದ್ದ ಪ್ರತಿಯಿಂದ.