ಗ್ರಾಹಕರೇ ದೇವರು, ನಾವು ಗರುಡಗಂಬ

ನಿನ್ನೆ ಮಧ್ಯಾಹ್ನ ನಾನು ಕೆಲಸ ಮಾಡೋ ಸೀರೆ ಅಂಗಡಿಯಲ್ಲಿ ಒಬ್ಬರು ಅಜ್ಜಿ ನಲವತ್ತು ಸೀರೆ ಬಿಚ್ಚಿಸಿ, ಒಂದನ್ನೂ ಒಪ್ಪದೆ, ಕೊನೆಗೆ ನನ್ನ ಮುಖ ನೋಡಿ ‘ಎಷ್ಟೊತ್ತಿಂದ ನಿಂತಿದ್ದೀಯಮ್ಮ, ಒಂಚೂರು ಕೂತ್ಕೋ’ ಅಂದರು. ಸ್ಟೂಲ್ ಎಳೆದು ಕೂತೆನೋ ಇಲ್ಲವೋ, ಕ್ಯಾಮೆರಾದಲ್ಲಿ ನೋಡಿದ ಮ್ಯಾನೇಜರ್ ಸಾಹೇಬರು ಓಡೋಡಿ ಬಂದರು. ‘ಕಸ್ಟಮರ್ ಎದುರು ಕೂತ್ರೆ ಏನಂದ್ಕೋತಾರೆ?’ ಏನಂದ್ಕೋತಾರೆ ಸ್ವಾಮಿ, ಕೂತ್ಕೋ ಅಂದಿದ್ದೇ ಅವರು!

ಗಲ್ಲಾಪೆಟ್ಟಿಗೆ ಮೇಲೆ ‘ಗ್ರಾಹಕರೇ ದೇವರು’ ಅಂತ ಬೋರ್ಡು. ದೇವರ ಮುಂದೆ ಅರ್ಚಕರೂ ಕೂತೇ ಮಂತ್ರ ಹೇಳ್ತಾರೆ. ನಾವು ಮಾತ್ರ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ಗರುಡಗಂಬ. ಬಾತ್‌ರೂಮಿಗೆ ಹೋಗಿ ಐದು ನಿಮಿಷ ಆದರೆ ‘ಏನು, ಊರಿಗೆ ಹೋಗಿದ್ಯಾ?’ ಬಿಡಿಸೋಕೆ ನಾವು, ಮಡಚೋಕೆ ನಾವು, ವ್ಯಾಪಾರ ಆಗದಿದ್ದರೆ ಬೈಸಿಕೊಳ್ಳೋಕೂ ನಾವೇ. ದೀಪಾವಳಿಗೆ ಕಾಲು ಕೆ.ಜಿ. ಸೋನ್‌ಪಾಪಡಿ ಸಿಗುತ್ತೆ, ಸುಳ್ಳು ಹೇಳಬಾರದು.

ಪಕ್ಕದ ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರೋ ಹಕ್ಕು ಅಂತಲೇ ಕಾನೂನಿಗೆ ತಿದ್ದುಪಡಿ ತಂದರು. ಕೂರೋಕೂ ಕಾನೂನು ಬೇಕಾ ಅಂತ ಆಗ ನಕ್ಕಿದ್ದೆ. ಈಗ ಊದಿದ ಪಾದಕ್ಕೆ ಬಿಸಿನೀರು ಹಾಕ್ಕೊಂಡು ಇದನ್ನ ಬರೀತಿದ್ದೀನಿ.

ಸಾಹೇಬರದು ಮಾತ್ರ ತಿರುಗೋ ಕುರ್ಚಿ. ಬೆನ್ನಿಗೆ ದಿಂಬು ಬೇರೆ. ನೋವಂತೆ, ಪಾಪ.