ಹೆಣ್ಣುಮಕ್ಕಳ ಪಾಲು: ಲೇಖನಕ್ಕೊಂದು ತಿದ್ದುಪಡಿ

'2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರಷ್ಟೇ ಮಗಳಿಗೆ ಪಾಲು' ಎಂದು ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಲೇಖನವೊಂದರಲ್ಲಿದೆ (ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ ದಿನವದು). ಅದು ಹಳೇ ಮಾತು. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಪ್ರಕಾರ ಪಿತ್ರಾರ್ಜಿತದಲ್ಲಿ ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಅಂದು ಇದ್ದರೋ ಇಲ್ಲವೋ ಮುಖ್ಯವಲ್ಲ. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ಪತ್ರ ಅಥವಾ ಕೋರ್ಟ್ ಡಿಕ್ರಿಯ ಮೂಲಕ ಆದ ವಿಭಾಗವನ್ನು ಕೆದಕುವಂತಿಲ್ಲ. 'ಆಗಲೇ ಬಾಯಿಮಾತಲ್ಲಿ ಹಂಚಿಕೊಂಡಿದ್ದೆವು' ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ತಂದೆಯ ಸ್ವಯಾರ್ಜಿತದ ಲೆಕ್ಕ ಬೇರೆ, ಅದನ್ನು ಅವರು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು.

ಎಡವುವುದು ಹೆಚ್ಚಾಗಿ ಕಾಗದದಲ್ಲಿ. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರನ್ನೇ ಬಿಡುತ್ತಾರೆ, ಇಲ್ಲವೇ ಪೌತಿ ಖಾತೆಗೆಂದು (ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ (ಬದಲಿಗೆ ಒಂದು ಸೀರೆ!). ಓದದೆ ಸಹಿ ಬೇಡ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದ್ದರೂ ಗಾಬರಿ ಬೇಡ, ಪಹಣಿ ಕಂದಾಯದ ದಾಖಲೆಯೇ ಹೊರತು ಮಾಲೀಕತ್ವದ ಪತ್ರವಲ್ಲ.